ಮೂರು ಉಗುರುಗಳು

ಬೆಳಗಾದರೆ ನಾನು ಮೊದಲು ಮಾಡುತ್ತಿದ್ದ ಕೆಲಸ, ಅಡುಗೆಮನೆಯ ಕಿಟಕಿಗೆ ಬಲಗೈ ಹಿಡಿದು ನೋಡುವುದು. ಎಳೆಬಿಸಿಲು ಹಿಂದಿನಿಂದ ಬಂದು ಬೆರಳುಗಳ ತುದಿಯನ್ನು ಕೆಂಪಗೆ ಬೆಳಗುತ್ತಿತ್ತು. ಆ ಕೆಂಪಿನ ಮೇಲೆ ಉಗುರಿನ ಬಿಳಿ ಅಂಚು ನಿನ್ನೆಗಿಂತ ಕೂದಲೆಳೆಯಷ್ಟಾದರೂ ಹೆಚ್ಚಿದೆಯೇ ಎಂದು ಉಸಿರು ಬಿಗಿಹಿಡಿದು ಹುಡುಕುತ್ತಿದ್ದೆ. ತೋರುಬೆರಳು, ನಡುಬೆರಳು, ಕಿರುಬೆರಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಓರಗೆಯ ಹೆಣ್ಣುಮಕ್ಕಳು ದೇವರಲ್ಲಿ ಏನೇನೋ ಬೇಡಿಕೊಳ್ಳುತ್ತಿದ್ದರು. ನಾನು ಬೇಡಿಕೊಂಡದ್ದು ಮೂರು ಉಗುರು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿತ್ತಲಿನ ಹೆಂಚಿನ ಮಾಡಿನ ಕೆಳಗೆ ಎರಡು ಒಲೆ, ಎರಡು ಬಾಣಲೆ, ಎರಡು ರಾಟೆ. ಕುದಿಯುವ ನೀರಿನಲ್ಲಿ ಗೂಡುಗಳನ್ನು ಬೇಯಿಸಿ, ಬೆರಳಿನಿಂದಲೇ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಒಂದು ಬಾಣಲೆಯ ಮುಂದೆ ಅತ್ತಿಗೆ ಹೊಂಬಾಳಮ್ಮ ಕೂರುತ್ತಿದ್ದರು, ಇನ್ನೊಂದರ ಮುಂದೆ ನಾನು. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅಣ್ಣ ಅತ್ತಿಗೆಯೇ. ಹನ್ನೆರಡನೆಯ ವಯಸ್ಸಿಗೆ ಬಾಣಲೆಯ ಮುಂದೆ ಕೂತವಳ ಕೈ ಹೇಗಿರುತ್ತದೆಂದು ನೋಡದವರಿಗೆ ಹೇಳುವುದು ಕಷ್ಟ. ಚರ್ಮ ನೆನೆದ ಕಾಗದದಂತೆ ಸುಕ್ಕುಗಟ್ಟುತ್ತದೆ. ಉಗುರು ಮೆತ್ತಗಾಗಿ ಪದರ ಪದರವಾಗಿ ಏಳುತ್ತದೆ, ಬೆರಳಿನ ತುದಿ ದಾಟುವ ಮೊದಲೇ ಮುರಿದುಹೋಗುತ್ತದೆ.

ನಮ್ಮ ಹಿತ್ತಲ ಗೋಡೆಯ ಆಚೆ ಅಲಮೇಲಮ್ಮನವರ ಮನೆ. ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ವೀಣೆ ಕಲಿಸುತ್ತಿದ್ದರು. ಸಂಜೆ ರಾಟೆ ನಿಂತ ಮೇಲೆ ಗೋಡೆ ದಾಟಿ ಬರುತ್ತಿದ್ದ ನಾದ ಕೇಳಿ ಕೇಳಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಅವರ ಬಾಗಿಲಿಗೆ ಹೋಗಿ ನಿಂತೆ. ಅವರು ಏಕೆ ಎನ್ನಲಿಲ್ಲ, ಕೂರಿಸಿಕೊಂಡು ಕಲಿಸಿದರು. ಎಂಟು ವರ್ಷ ಕಲಿತೆ. ಆದರೆ ಬಲಗೈಯ ಉಗುರಿಲ್ಲದ ಬೆರಳಿನಿಂದ ಮೀಟಿದರೆ ತಂತಿ ಬಟ್ಟೆ ಮುಚ್ಚಿಕೊಂಡು ಮಾತಾಡಿದ ಹಾಗೆ ಕೇಳುತ್ತಿತ್ತು. ಉಗುರಿನ ಬದಲು ಬೆರಳಿಗೆ ತಂತಿಯ ನಖಿ ತೊಟ್ಟು ನೋಡಿದೆವು. ನೆನೆದ ಚರ್ಮವನ್ನು ಅದು ಕೊಯ್ದು ರಕ್ತ ಬರಿಸಿತು.

"ನಿನ್ನ ಎಡಗೈ ಹಾಡುತ್ತೆ ಕಣೇ," ಎನ್ನುತ್ತಿದ್ದರು ಅಲಮೇಲಮ್ಮ. "ಬಲಗೈ ಮಾತ್ರ ಮೂಗಿ."

ಒಂದು ಸಂಜೆ ಪಾಠ ಮುಗಿದ ಮೇಲೆ ಅವರು ನನ್ನನ್ನು ಏಳಗೊಡಲಿಲ್ಲ. "ಬೇಸಿಗೆ ರಜೆ ಮುಗಿದ ಮೇಲೆ ನಾನು ಶಾಲೆಗೆ ಹೋಗಲ್ಲ. ವಯಸ್ಸಾಯ್ತು. ನನ್ನ ಜಾಗಕ್ಕೆ ಹೊರಗಿನ ವಿದ್ವಾಂಸರನ್ನ ಕರೆಸಿ ಪರೀಕ್ಷೆ ಇಡ್ತಾರಂತೆ. ನೀನೂ ಕೂತ್ಕೋ."

"ಈ ಕೈ ಇಟ್ಕೊಂಡಾ ಅಮ್ಮ?"

"ಐದು ತಿಂಗಳಿದೆ. ಐದು ತಿಂಗಳು ಬಿಸಿನೀರಿಗೆ ಬಲಗೈ ಅದ್ದಬೇಡ. ಹಾಳಾದ ಉಗುರು ಸರಿಹೋಗಲ್ಲ, ಬುಡದಿಂದ ಹೊಸದೇ ಬರಬೇಕು. ಬರುತ್ತೆ. ಕಾಯೋಕೆ ನಿನಗೆ ಆಗುತ್ತಾ, ಅಷ್ಟೇ ಪ್ರಶ್ನೆ."

ಮನೆಯಲ್ಲಿ ವಿಷಯ ಹೇಳಿದಾಗ ಅಣ್ಣ ತಲೆ ಕೆರೆದುಕೊಂಡ. ಅತ್ತಿಗೆ ಮಾತ್ರ ನನ್ನನ್ನೇ ನೋಡುತ್ತ ನಿಂತರು.

"ಉಗುರು ಬೆಳೆಸೋಕೆ ಐದು ತಿಂಗಳಾ? ನಾವೆಲ್ಲ ಏನು ಉಗುರಿಲ್ದೇ ಹುಟ್ಟಿದ್ವಾ?"

"ಒಣ ಕೆಲಸ ಎಲ್ಲಾ ನಾನೇ ಮಾಡ್ತೀನಿ ಅತ್ತಿಗೆ. ಗೂಡು ಆರಿಸ್ತೀನಿ, ನೂಲಿನ ಲಡಿ ಕಟ್ತೀನಿ, ಸೌದೆ ಒಡೀತೀನಿ ಬೇಕಾದ್ರೆ."

"ಸೌದೆ ಒಡೆದ್ರೆ ಉಗುರು ಉಳೀತದಾ?" ಎಂದರು ಅತ್ತಿಗೆ. ಆಮೇಲೆ ಅಣ್ಣನ ಕಡೆ ತಿರುಗಿ, "ಎರಡು ಬಾಣಲೆ ನಾನೊಬ್ಳೇ ನೋಡ್ಕೋಬೇಕು, ಅಷ್ಟೇ ತಾನೆ? ನೋಡ್ಕೋತೀನಿ ಬಿಡಿ," ಎಂದು ಎದ್ದು ಹೋದರು. ಆ ದಿನದಿಂದ ಅವರು ನನ್ನೊಡನೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ಉಗುರು ಬೆಳೆಸುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮಲಗುವ ಮೊದಲು ಉಗುರಿನ ಬುಡಕ್ಕೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಬ್ಲೇಡು ಮುಟ್ಟಿಸುವಂತಿರಲಿಲ್ಲ. ನಯವಾದ ಉಪ್ಪುಕಾಗದದಲ್ಲಿ ಒಂದೇ ದಿಕ್ಕಿಗೆ ಉಜ್ಜಿ ತುದಿಯನ್ನು ದುಂಡಗೆ ಇಟ್ಟುಕೊಳ್ಳಬೇಕು, ಹಿಂದೆ ಮುಂದೆ ಉಜ್ಜಿದರೆ ಪದರ ಬಿಡುತ್ತದೆ. ಡಬ್ಬಿಯ ಮುಚ್ಚಳ ಎತ್ತಲು, ಗಂಟು ಬಿಚ್ಚಲು, ಬೆಳ್ಳುಳ್ಳಿ ಸುಲಿಯಲು ಎಡಗೈಯೇ ಮುಂದಾಗಬೇಕು. ತಂತಿ ಒತ್ತುವ ಕೈಯಾದ್ದರಿಂದ ಎಡಗೈಯ ಉಗುರನ್ನು ಮೊಟಕಾಗಿಯೇ ಕತ್ತರಿಸುತ್ತಿದ್ದೆ. ಬಲಗೈಗೆ ಹಳೆಯ ಪಂಚೆಯ ಬಟ್ಟೆಯಲ್ಲಿ ಚೀಲ ಹೊಲಿದು ತೊಟ್ಟುಕೊಂಡೇ ಗೂಡು ಆರಿಸುತ್ತಿದ್ದೆ. ಬೀದಿಯ ಹೆಂಗಸರು ನಕ್ಕರು. "ಒಂದ್ ಕೈ ದೊರೆಸಾನಿ, ಇನ್ನೊಂದ್ ಕೈ ಕೂಲಿಯೋಳಾ?" ಎಂದು ಕೇಳಿದವರೂ ಇದ್ದರು. ನನ್ನ ತಟ್ಟೆಯಲ್ಲಿ ದಿನಬಿಟ್ಟು ದಿನ ನುಗ್ಗೆಸೊಪ್ಪಿನ ಪಲ್ಯ ಬೀಳುತ್ತಿತ್ತು. ಮನೆಯ ಮುಂದೆಯೇ ನುಗ್ಗೆಮರ ಇದೆಯಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ಬುಡದಲ್ಲಿ ನಯವಾದ, ಗುಲಾಬಿ ಬಣ್ಣದ ಹೊಸ ಉಗುರು ಕಾಣಿಸಿತು. ಅದು ಹಳೆಯ ಒರಟು ಉಗುರನ್ನು ನಿಧಾನವಾಗಿ ಮುಂದಕ್ಕೆ ತಳ್ಳುತ್ತ ಬಂತು. ದಿನವೂ ಕಿಟಕಿಯ ಬೆಳಕಿಗೆ ಕೈ ಹಿಡಿಯುತ್ತಿದ್ದೆ. ನಾಲ್ಕನೆಯ ತಿಂಗಳ ಕೊನೆಗೆ ಮೂರು ಬೆರಳಿನ ತುದಿಯಲ್ಲೂ ಅಕ್ಕಿಕಾಳಿನ ಅಗಲದ ಬಿಳಿ ಅಂಚು ನಿಂತಿತ್ತು.

ಅಂದು ಅಲಮೇಲಮ್ಮನವರ ಮನೆಯಲ್ಲಿ ತಂತಿ ಮೀಟಿದೆ. ಆ ಸದ್ದಿಗೆ ನಾನೇ ಬೆಚ್ಚಿದೆ. ಬೆಳ್ಳಿಯ ಬಟ್ಟಲಿಗೆ ಮಣಿ ಬಿದ್ದಂಥ ಸ್ಪಷ್ಟವಾದ ಸ್ವರ. ಅಲಮೇಲಮ್ಮ ಕಣ್ಣು ಮುಚ್ಚಿಕೊಂಡು, "ಇನ್ನೊಂದು ಸಲ," ಎಂದರು. ಇನ್ನೊಂದು ಸಲ ಮೀಟಿದೆ. ಅಂದು ಕತ್ತಲಾಗುವವರೆಗೂ ನುಡಿಸಿದೆ.

ಮನೆಗೆ ಬಂದಾಗ ಅತ್ತಿಗೆ ರಾಟೆ ನಿಲ್ಲಿಸಿಕೊಂಡು ಕೂತಿದ್ದರು. "ಅದು ನೀನಾ ನುಡಿಸಿದ್ದು?"

"ಹೂಂ ಅತ್ತಿಗೆ."

"ನಾನು ಆಯಮ್ಮ ಅಂದ್ಕೊಂಡೆ," ಎಂದು ಮತ್ತೆ ರಾಟೆ ತಿರುಗಿಸಿದರು. ಅಷ್ಟೇ ಮಾತು. ನನಗೆ ಅದು ಸಾಕಾಗಿತ್ತು.

ಪರೀಕ್ಷೆಗೆ ಇನ್ನು ಮೂರು ದಿನವಿತ್ತು. ಮಧ್ಯಾಹ್ನ ನಾನು ಲಡಿ ಕಟ್ಟುತ್ತಿದ್ದೆ, ಅತ್ತಿಗೆ ಎರಡು ಬಾಣಲೆಗಳ ನಡುವೆ ಓಡಾಡುತ್ತಿದ್ದರು. ಬಗ್ಗಿದಾಗ ಅವರ ಸೆರಗು, ಕೈ ಬಿಟ್ಟರೂ ವೇಗಕ್ಕೆ ತಿರುಗುತ್ತಲೇ ಇದ್ದ ರಾಟೆಗೆ ಸಿಕ್ಕಿತು. ಒಂದೇ ಸುತ್ತಿಗೆ ಬಟ್ಟೆ ಬಿಗಿದು ಅವರನ್ನು ಕುದಿಯುವ ಬಾಣಲೆಯ ಮೇಲಕ್ಕೆ ಎಳೆಯಿತು. ನಾನು ಹಾರಿ ಹೋಗಿ ರಾಟೆಯ ಅಡ್ಡಪಟ್ಟಿಯನ್ನು ಹಿಡಿದೆ. ಯಾವ ಕೈಯಿಂದ ಹಿಡಿದೆ ಎಂಬುದು ಗೊತ್ತಾದದ್ದು ರಾಟೆ ನಿಂತ ಮೇಲೆಯೇ. ಅತ್ತಿಗೆಗೆ ಏನೂ ಆಗಿರಲಿಲ್ಲ. ನನ್ನ ನಡುಬೆರಳಿನ ಉಗುರು ಅಡ್ಡಕ್ಕೆ ಸೀಳಿ, ಒಂದು ಬದಿಯಲ್ಲಿ ಮಾತ್ರ ಅಂಟಿಕೊಂಡು ಅಲುಗಾಡುತ್ತಿತ್ತು.

ಅಲಮೇಲಮ್ಮನವರ ಮನೆಗೆ ಓಡಿದೆ. ಅವರು ಬೆರಳನ್ನು ಹಿಡಿದು ನೋಡಿದರು. "ಕತ್ತರಿಸಲೇಬೇಕು ಮಗು. ತೋರುಬೆರಳೊಂದರಲ್ಲೇ ತಾನ ನುಡಿಸೋಕಾಗಲ್ಲ. ಮುಂದೆ ಯಾವತ್ತಾದರೂ ನೋಡೋಣ."

ನಾನು ಅಳಲಿಲ್ಲ. ಮನೆಗೆ ಬಂದು ಅಭ್ಯಾಸಬಲದಿಂದ ಕಿಟಕಿಯ ಬೆಳಕಿಗೆ ಕೈ ಹಿಡಿದು ನಿಂತೆ. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಅತ್ತಿಗೆ ನನ್ನ ಬೆರಳನ್ನು ತಮ್ಮ ಕೈಗೆ ತೆಗೆದುಕೊಂಡು ಬೆಳಕಿನಲ್ಲಿ ಅತ್ತಿತ್ತ ತಿರುಗಿಸಿ ನೋಡಿದರು. ಕಡಿದ ರೇಷ್ಮೆ ಎಳೆಯನ್ನೂ ಅವರು ಹಾಗೆಯೇ ನೋಡುತ್ತಿದ್ದರು.

"ಕತ್ತರಿಸ್ಬೇಡ," ಎಂದರು. "ಎಳೆ ಕಡೀತು ಅಂತ ನಾವು ಲಡಿನೇ ಬಿಸಾಕ್ತೀವಾ? ಕೂಡಿಸ್ತೀವಿ ತಾನೆ? ಕೂತ್ಕೋ."

ನೂಲು ಕೂಡಿಸುವುದರಲ್ಲಿ ನಮ್ಮ ಪೇಟೆಯಲ್ಲೇ ಅತ್ತಿಗೆಯ ಕೈ ಮೇಲು. ಅವರು ಕೂಡಿಸಿದ ಜಾಗವನ್ನು ಅವರೇ ಆಮೇಲೆ ಹುಡುಕಲಾರರು. ಬಡಗಿಯ ಮನೆಯಿಂದ ಅಂಟು ತರಿಸಿ ಬಿಸಿ ಮಾಡಿದರು. ಒಳ್ಳೆಯ ಗೂಡೊಂದನ್ನು ಆರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ತೆಗೆದರು. ಸೀಳಿದ ಜಾಗಕ್ಕೆ ಅಂಟು ಸವರಿ, ಅದರ ಮೇಲೆ ಎಳೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಹಾಸಿ ಮತ್ತೆ ಅಂಟು ಸವರಿದರು. ಒಣಗಲು ಬಿಟ್ಟೆವು. ತಂತಿ ಮುಟ್ಟಿದ ಕೂಡಲೇ ಕಿತ್ತು ಬಂತು. ಮರುದಿನ ಎಳೆಯನ್ನೂ ಅಂಟನ್ನೂ ಹೆಚ್ಚಿಸಿ ಮತ್ತೆ ಕಟ್ಟಿದರು. ದಪ್ಪವಾಗಿ, ತಂತಿಗೆ ಸಿಕ್ಕಿಕೊಂಡಿತು. ಮೂರನೆಯ ಸಲ, ಪರೀಕ್ಷೆಯ ಹಿಂದಿನ ಮಧ್ಯಾಹ್ನ, ಕಡಿಮೆ ಅಂಟು, ಹೆಚ್ಚು ಎಳೆ. ಪ್ರತಿ ಪದರವನ್ನೂ ಊದಿ ಒಣಗಿಸುತ್ತ ಕೂತರು.

ಆಗಲೇ, ತಲೆ ಎತ್ತದೆ, ಹೇಳಿದರು: "ಮದುವೆಯಾಗಿ ಬಂದಾಗ ನಂಗೂ ಇದ್ವು. ಹತ್ತೂ ಬೆರಳಿಗೆ. ಹಂಗಿರೋ ಉಗುರು ನಮ್ಮೂರಲ್ಲೇ ಯಾರಿಗೂ ಇರ್ಲಿಲ್ಲ."

"ಏನಾಯ್ತು ಅತ್ತಿಗೆ?"

"ಏನಾಗೋದು? ಬಾಣಲೆ ಮುಂದೆ ಒಂದ್ ವಾರ ಕೂತೆ." ಇನ್ನೊಂದು ಎಳೆ ಹಾಸುತ್ತ ಅಂದರು: "ನಿನ್ ಉಗುರು ನೋಡೋಕೆ ಆಗ್ತಿರ್ಲಿಲ್ಲ ಕಣೇ ನಂಗೆ. ಹೊಟ್ಟೆಕಿಚ್ಚು. ಆದ್ರೆ ಉಗುರು ಗಟ್ಟಿಯಾಗ್ಲಿ ಅಂತ ನುಗ್ಗೆಸೊಪ್ಪು ಮಾಡ್ದೇ ಇರೋಕೂ ಆಗ್ಲಿಲ್ಲ."

ಶಾಲೆಯ ದೊಡ್ಡ ಕೋಣೆಯಲ್ಲಿ ಮೂವರು ವಿದ್ವಾಂಸರು ಕೂತಿದ್ದರು. ನನಗಿಂತ ಮೊದಲು ನುಡಿಸಿದ ನಾಲ್ವರೂ ಸಂಗೀತದ ಮನೆಗಳಿಂದ ಬಂದವರು. ನನ್ನ ಸರದಿ ಬಂದಾಗ ಅಲಮೇಲಮ್ಮನವರ ವೀಣೆಯನ್ನು ತೊಡೆಗೇರಿಸಿಕೊಂಡೆ. ಕಿಟಕಿಯ ಹೊರಗೆ, ಹುಡುಗಿಯರು ನೀರು ಕುಡಿಯುವ ತೊಟ್ಟಿಯ ಹತ್ತಿರ, ಅತ್ತಿಗೆ ನಿಂತಿದ್ದರು.

ಕಲ್ಯಾಣಿ ರಾಗ ಎತ್ತಿಕೊಂಡೆ. ಆಲಾಪನೆಯಲ್ಲಿ ನಡುಬೆರಳನ್ನು ಹೆದರಿ ಹೆದರಿಯೇ ಮೀಟಿದೆ. ಮಧ್ಯದಲ್ಲಿದ್ದ ಹಿರಿಯರು, "ತಾನ ನುಡಿಸಮ್ಮ," ಎಂದರು. ತಾನವೆಂದರೆ ಉಗುರಿಗೆ ಬಿಡುವಿಲ್ಲ. ತೋರುಬೆರಳು ನಡುಬೆರಳು ಒಂದರ ಹಿಂದೊಂದು ತಂತಿಯ ಮೇಲೆ ಬೀಳಬೇಕು, ಕಿರುಬೆರಳು ತಾಳದ ತಂತಿಯನ್ನು ಕೆಳಗಿನಿಂದ ಮೇಲಕ್ಕೆ ಮೀಟಬೇಕು. ಮೊದಲ ಸುತ್ತಿನಲ್ಲಿ ಕಿವಿಯೆಲ್ಲ ಆ ಒಂದು ಉಗುರಿನ ಮೇಲಿತ್ತು. ಎರಡನೆಯ ಸುತ್ತಿಗೆ ಅದನ್ನು ಮರೆತೆ. ಮೂರೂ ಉಗುರು ಒಂದೇ ಕೈಯ ಮಾತಾಗಿ ಓಡಿದವು. ಇಷ್ಟು ವರ್ಷ ಎಡಗೈಗೆ ಮಾತ್ರ ಗೊತ್ತಿದ್ದ ಕಲ್ಯಾಣಿಯನ್ನು ನನ್ನ ಬಲಗೈ ಬಾಯಿಬಿಟ್ಟು ಹೇಳಿತು. ನಿಲ್ಲಿಸಿದಾಗ ಕೋಣೆಯಲ್ಲಿ ತಂತಿಯ ಕೊನೆಯ ಗುಂಯ್‌ಗುಡುವಿಕೆ ಮಾತ್ರ ಉಳಿದಿತ್ತು.

ಹಿರಿಯರು ಮುಂದಕ್ಕೆ ಬಾಗಿ ಕೇಳಿದರು: "ಆಲಾಪನೆಯಲ್ಲಿ ಆ ನಡುಬೆರಳನ್ನ ಯಾಕಮ್ಮ ಹೆದರಿ ಹೆದರಿ ಮೀಟಿದೆ?"

ನಡುಬೆರಳನ್ನು ಮಡಿಚಿಕೊಂಡೆ. "ಉಗುರು ಸೀಳಿತ್ತು. ರೇಷ್ಮೆಯಲ್ಲಿ ಕೂಡಿಸಿದೆ. ನಾನಲ್ಲ, ನಮ್ಮತ್ತಿಗೆ."

ಕೈ ಚಾಚಲು ಹೇಳಿ, ಕನ್ನಡಕ ಹಣೆಗೇರಿಸಿ ನೋಡಿದರು. ಪಕ್ಕದವರಿಗೂ ತೋರಿಸಿದರು. "ಎಲ್ಲಿ ಸೀಳಿತ್ತು?"

ಎಷ್ಟು ಹುಡುಕಿದರೂ ಅವರಿಗೆ ಸಿಗಲಿಲ್ಲ. ನಾನೇ ತೋರಿಸಬೇಕಾಯಿತು.

"ನಿಮ್ಮತ್ತಿಗೆ ವೀಣೆ ನುಡಿಸ್ತಾರಾ?"

"ಇಲ್ಲ. ನೂಲು ತೆಗೀತಾರೆ."

"ಅವರಿಗೆ ನನ್ನ ನಮಸ್ಕಾರ ಹೇಳು," ಎಂದರು ಹಿರಿಯರು.

ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು ನನ್ನ ಹೆಸರು ಓದಿದರು. ಅಲಮೇಲಮ್ಮ ನನ್ನ ತಲೆಯ ಮೇಲೆ ಕೈಯಿಟ್ಟರು. ಅತ್ತಿಗೆ ತೊಟ್ಟಿಯ ಬಳಿಯಿಂದ ಓಡಿಬಂದು, ಇಡೀ ಶಾಲೆಗೆ ಕೇಳುವ ಹಾಗೆ, "ಉಳೀತಾ? ಉಗುರು ಉಳೀತಾ?" ಎಂದು ಕೇಳಿದರು. ನಾನು ಕೈ ಎತ್ತಿ ತೋರಿಸಿದೆ. ಹಿರಿಯರ ನಮಸ್ಕಾರ ತಲುಪಿಸಿದಾಗ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕ ನಗೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಶಾಲೆಯಲ್ಲಿ ಮೂವತ್ತೊಂದು ವರ್ಷ ವೀಣೆ ಕಲಿಸಿದೆ. ಕೆಲಸಕ್ಕೆ ಸೇರಿದ ವರ್ಷವೇ ಅಣ್ಣನೊಡನೆ ಕೂತು, ಎಳೆಯ ತುದಿ ಹುಡುಕಲು ಕೈ ಅದ್ದದೆ ಹಿಡಿಯಬಹುದಾದ ಉದ್ದ ಹಿಡಿಯ ಕುಂಚ ಮಾಡಿಸಿದೆ. ಮುಂದೆ ಕೆಲಸಕ್ಕೆ ಬಂದ ಹೆಣ್ಣಾಳುಗಳ ಕೈಗೂ ಅದೇ ಬಂತು. ಅತ್ತಿಗೆ ಬಾಣಲೆ ಬಿಟ್ಟು ಲಡಿಗಳ ಮೇಲ್ವಿಚಾರಣೆಗೆ ನಿಂತರು. ಹರಳೆಣ್ಣೆಯ ಶೀಶೆ ನನ್ನ ಗೋಡೆಗೂಡಿನಿಂದ ಅವರ ಗೋಡೆಗೂಡಿಗೆ ಹೋಯಿತು.

ನಾನು ಕೆಲಸಕ್ಕೆ ಸೇರಿದ ಮರುವರ್ಷದ ಚಳಿಗಾಲದ ಒಂದು ಭಾನುವಾರ ಜಗುಲಿಯ ಬಿಸಿಲಿನಲ್ಲಿ ಅತ್ತಿಗೆ ಒಬ್ಬರೇ ಕೂತಿದ್ದರು. ಮಡಿಲಲ್ಲಿ ಒಂದು ಕಿತ್ತಳೆ ಹಣ್ಣು. ಹತ್ತೂ ಬೆರಳಿಗೆ ದುಂಡಗಿನ, ಹೊಳೆಯುವ ಉಗುರು. ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ಮೆಲ್ಲಗೆ ಊರಿದರು. ಸಣ್ಣಗೆ ರಸ ಚಿಮ್ಮಿ, ಜಗುಲಿಯೆಲ್ಲ ಘಮ್ಮೆಂದಿತು. ಆತುರವೇ ಇಲ್ಲದೆ ಸಿಪ್ಪೆ ಬಿಡಿಸಿ, ತೊಳೆಯ ಮೇಲಿನ ಬಿಳಿ ನಾರನ್ನು ಉಗುರಿನ ತುದಿಯಿಂದ ಒಂದೊಂದಾಗಿ ಎತ್ತಿ ತೆಗೆದು, ಮೊದಲ ತೊಳೆಯನ್ನು ತಾವೇ ಬಾಯಿಗೆ ಹಾಕಿಕೊಂಡರು.