ಇಸ್ಕೊಂಡು ತಿನ್ನೋಳು

“ಎಳೀಲೇ ಶೋಭಿ, ಹಂಪ್ ದಾಟುದ್ರೆ ಓಯ್ತು ಕಣೇ!” ಟೈಲರ್ ಅಂಗಡಿಯ ಮೆಟ್ಟಿಲ ಮೇಲಿಂದ ರಂಜಿತ ಕೂಗಿದಳು.

ಮಳವಳ್ಳಿಯ ಮದ್ದೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಓಡುತ್ತಿದ್ದ ಅವಳ ಗೆಳತಿ ಶೋಭಿತಾಗೆ ನಲವತ್ತಾರು ವರ್ಷ. ಹೈಸ್ಕೂಲ್ ಟೀಚರ್ ಬೇರೆ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಸಾಕಿ ಓಡಿದ್ದಳು. ಹೊರೆಗೆ ಬಿಗಿದ ಹಗ್ಗದ ಕೆಳಗಿನ ಜಲ್ಲೆಯೊಂದು ಕೈಗೇನೋ ಸಿಕ್ಕಿತು. ಎಷ್ಟು ಜಗ್ಗಿದರೂ ಮಿಸುಕಲಿಲ್ಲ.

ಏನು ಹುಚ್ಚು ಅಂತೀರಾ? ಈ ಊರಲ್ಲಿ ಬೆಳೆದವರು ಹಾಗನ್ನುವುದಿಲ್ಲ. ಆಗೆಲ್ಲ ಕಾರ್ಖಾನೆಗೆ ಎತ್ತಿನ ಗಾಡಿಗಳ ಸಾಲು. ಸ್ಕೂಲು ಬಿಟ್ಟ ಮಕ್ಕಳಿಗೆಲ್ಲ ಹಿಂದಿನಿಂದ ಕಬ್ಬು ಕೀಳುವುದೇ ಕೆಲಸ, ಗಾಡಿಯವರು ಗದರಿದರೆ ಸಂದಿಗೆ ಓಟ. ರಂಜಿತ ಎರಡನೇ ಕ್ಲಾಸಿನಲ್ಲೇ ಕಿತ್ತವಳು. ಶೋಭಿತಾಗೆ ಮಾತ್ರ ಒಂದೇ ಒಂದು ಬರಲಿಲ್ಲ. ಪಾಪ ಅಂತ ಎಲ್ಲರೂ ಮುರಿದು ಕೊಡೋರು, ಕೊಟ್ಟು “ಇಸ್ಕೊಂಡು ತಿನ್ನೋಳು” ಅಂತ ರೇಗಿಸೋರು. ಇವತ್ತು ಅಂಗಡಿಯಲ್ಲಿ ಕೂತು ಹಳೆಯದನ್ನು ನೆನೆದು ನಗುವಾಗ ರಂಜಿತ ಮತ್ತೆ ಅದನ್ನೇ ಅಂದಿದ್ದಳು. ಅಷ್ಟರಲ್ಲಿ ಟ್ರ್ಯಾಕ್ಟರು ಬಂತು. ಇನ್ನು ಸುಮ್ಮನಿರುವುದುಂಟೆ?

ಟ್ರ್ಯಾಕ್ಟರು ಹಂಪ್ ದಾಟಿ ನಿಂತಿತು. ಐವತ್ತು ದಾಟಿದ ಡ್ರೈವರ್ ಮಹದೇವು ಇಳಿದು ಬಂದ. ಶೋಭಿತಾ ಹಿಡಿದಿದ್ದ ಜಲ್ಲೆ ಬಿಟ್ಟಳು.

“ಅಯ್ಯೋ, ಮೇಡಮ್ಮೋರಾ! ನನ್ ಮಗೀಗೆ ಪಾಟ ಏಳ್ಕೊಡೋರು! ಒಂದ್ ಮಾತು ಕೇಳುದ್ರೆ ಕೊಡ್ತಿರ್ನಿಲ್ವಾ?” ಅಂದವನೇ ದಪ್ಪನೆಯ ಜಲ್ಲೆಯೊಂದನ್ನು ಹೊರೆಯಿಂದ ತೆಗೆದು ಮುಂದೆ ಹಿಡಿದ.

ಶೋಭಿತಾ ಕೈ ಹಿಂದಕ್ಕೆ ಕಟ್ಟಿಕೊಂಡಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ಕೊಡ್ಬ್ಯಾಡಿ ಮಹದೇವಣ್ಣ. ಚಿಕ್ಕೋಳಿದ್ದಾಗಿಂದ ಒಂದೂ ಕಿತ್ತಿಲ್ಲ. ನಾನೇ ಕೀಳ್ಬೇಕು.”

ಮಹದೇವು ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೀಸೆಯಡಿಯಲ್ಲೇ ನಕ್ಕು ಜಲ್ಲೆಯನ್ನು ಹೊರೆಯ ಮೇಲಕ್ಕೆ ಎಸೆದ.

“ಅಗ್ಗದ್ ಕೆಳಗಿಂದು ಇಡುದ್ರೆ ಈ ಜನ್ಮದಲ್ಲಿ ಬರಾಕಿಲ್ಲ ಕಣವ್ವ. ಮ್ಯಾಲಿಂದು ಇಡೀಬೇಕು.”

ಇಷ್ಟು ವರ್ಷ ಇದೊಂದು ಮಾತನ್ನು ಆ ಕಳ್ಳಿ ರಂಜಿತ ಹೇಳಿಕೊಟ್ಟಿರಲಿಲ್ಲ! ಶೋಭಿತಾ ತಿರುಗಿ ನೋಡಿದರೆ ಅವಳು ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಟ್ರ್ಯಾಕ್ಟರು ಎತ್ತಿನ ಗಾಡಿಯಷ್ಟೇ ನಿಧಾನವಾಗಿ ಹೊರಟಿತು. ಶೋಭಿತಾ ಓಡಿದಳು. ಎಗರಿ ಹಗ್ಗದ ಮೇಲಿನ ಜಲ್ಲೆ ಹಿಡಿದು, ಹಲ್ಲು ಕಚ್ಚಿ ಜಗ್ಗಿದಳು. ಸರ್ರನೆ ಇಡೀ ಜಲ್ಲೆ ಕಿತ್ತು ಬಂತು, ಅವಳು ರಸ್ತೆಯಲ್ಲೇ ಕುಕ್ಕರಿಸಿದಳು. ಸಂತೋಷ ತಡೆಯಲಾರದೆ ಕಿಟಾರನೆ ಕಿರುಚಿದಳು.

ಮಹದೇವು ಹಿಂದಕ್ಕೆ ತಿರುಗಲಿಲ್ಲ. ಸೀಟಿನ ಮೇಲಿಂದಲೇ ಬೀದಿಗೆಲ್ಲ ಕೇಳುವಂತೆ ಗದರಿದ:

“ಯಾರಮ್ಮಿ ಅದು, ಕಬ್ಬು ಕೀಳೋಳು? ಇಳ್ದು ಬಂದ್ರೆ ಕಾಲ್ ಮುರ್ದಾಕ್ಬುಡ್ತೀನಿ!”

ಶೋಭಿತಾ ಧಡಕ್ಕನೆ ಎದ್ದು, ಜಲ್ಲೆಯನ್ನು ಹೆಗಲಿಗೇರಿಸಿಕೊಂಡು, ಪಕ್ಕದ ಸಂದಿಗೆ ಓಟ ಕಿತ್ತಳು.