ರಾಜನೋ, ರೇಷ್ಮೆಹುಳುವೋ

ಕಲ್ಯದ ಅನಂತರಾಜು ಸಾವನದುರ್ಗದ ಕೋಟೆಯ ಮೇಲೆ ಕಾದಂಬರಿ ಬರೆಯಲು ಹೊರಟು, ಕೆಂಪೇಗೌಡರ ಕಾಲವೇ ಸರಿಯೆಂದು ಗೊತ್ತು ಮಾಡಿಕೊಂಡಿದ್ದ. ಆದರೆ ಕೋಟೆಯ ಕಾವಲುಗಾರನೊಬ್ಬನನ್ನು ಪ್ರೀತಿಸುವ ಅವನ ನಾಯಕಿ ರೇಷ್ಮೆ ಸಾಕುವವಳು. ಈ ಸೀಮೆಗೆ ರೇಷ್ಮೆ ಬಂದದ್ದು ಎಷ್ಟೋ ತಲೆಮಾರಿನ ನಂತರ, ಟಿಪ್ಪುವಿನ ಕಾಲಕ್ಕೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದ ಅವ್ವ ಚಿಕ್ಕಲಕ್ಷ್ಮಮ್ಮನ ಪಕ್ಕ ಕೂತು, ತಾನೂ ಹುಳು ಆರಿಸುತ್ತ ತನ್ನ ಪೇಚಾಟ ಹೇಳಿಕೊಂಡ.

“ಹುಳ ಬುಟ್ಟು ಅವ್ಳಿಗೆ ರಾಗಿ ಹೊಲ ಕೊಟ್ಬುಡ್ಲೇನವ್ವ?”

“ಹಿಪ್ಪುನೇರಳೆ ಸೊಪ್ಪು ತರಾಕೆ ಹೋಗ್ದಿದ್ರೆ ಆ ಕೋಟೆ ಕಾವಲುಗಾರನ್ನ ಅವ್ಳು ಎಲ್ಲಿ ಕಂಡಾಳ್ಲಾ? ನಿಮ್ಮಪ್ಪನ್ನ ನಾನು ಕಂಡಿದ್ದೂ ಸೊಪ್ಪಿನ ತೋಟದಾಗೇಯ. ಹುಳ ಇರ್ಲಿ, ರಾಜನ್ನ ಬದ್ಲಾಯ್ಸ್ಕೊ!”

ಅನಂತರಾಜು ಜೋರಾಗಿ ನಕ್ಕ. ಟಿಪ್ಪುವಿನ ಕಾಲದಲ್ಲೂ ಬೆಟ್ಟದ ಮೇಲೆ ಕೋಟೆಯಿತ್ತು, ಕಾವಲುಗಾರರಿದ್ದರು. ನಿರಾಳವಾಗಿ ಇನ್ನೊಂದು ಹುಳು ಎತ್ತಿ ಚಂದ್ರಿಕೆಗೆ ಬಿಟ್ಟ.