ಇಳಿಯೋರಿದ್ರೆ ಇಳೀರಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ಬೆಳ್ಳಪ್ಪನದು ಗಂಟಲೆಂದರೆ ಗಂಟಲು. ಸಂತೆಯ ದಿನ ಟಾಪಿನ ಮೇಲೆ ಕೂತವರಿಗೂ ಕೇಳುವ ಹಾಗೆ ಸ್ಟಾಪಿನ ಹೆಸರು ಕೂಗುತ್ತಿದ್ದ. ಕೂಗಿ, ‘ಇಳಿಯೋರಿದ್ರೆ ಇಳೀರಿ’ ಎಂದು ಕೊನೆಯ ಅಕ್ಷರವನ್ನು ಮುಂದಿನ ತಿರುವಿನವರೆಗೂ ಎಳೆಯುತ್ತಿದ್ದ. ಮುಕುಂದಯ್ಯ ಅವನನ್ನು ಹಿಡಿದದ್ದು ಆ ಎಳೆತ ಕೇಳಿಯೇ.

ಮುಕುಂದಯ್ಯ ತೀರ್ಥಹಳ್ಳಿ ಕಡೆಯ ದೊಡ್ಡ ಗೌಡರ ಮನೆಯವನು. ಬೊಂಬಾಯಿಗೆ ಓದಲು ಹೋಗಿ, ಓದನ್ನು ಅಲ್ಲೇ ಬಿಟ್ಟು, ಎಲೆಕ್ಟ್ರಿಕ್ ಗಿಟಾರು ಹೆಗಲಿಗೆ ಹಾಕಿಕೊಂಡು ವಾಪಸು ಬಂದಿದ್ದ. ಅದು ಎಪ್ಪತ್ತೆಂಟರ ಸುಮಾರು.

“ನೀ ಹಾಡ್ತೀಯಾ ಮಾರಾಯಾ?”

“ಟಿಕೇಟ್ ಹರೀತೀನಿ ಗೌಡ್ರೆ.”

“ಗೌಡ್ರು ಗೀಡ್ರು ಬೇಡ. ಬ್ಯಾಂಡಂದ್ಮೇಲೆ ಎಲ್ರನ್ನೂ ಹೆಸ್ರು ಹಿಡಿದೇ ಕರೆಯೋದು. ಮುಕುಂದ ಅನ್ನು ಸಾಕು.”

ಆ ಹೆಸರು ಬಾಯಿಗೆ ಬರಲು ಬೆಳ್ಳಪ್ಪನಿಗೆ ಬಹಳ ದಿನ ಹಿಡಿಯಿತು. ಬಂದ ದಿನ ಮಾತ್ರ, ಜಗಲಿಯಿಂದ ಒಳಗೆ ಕರೆದು ಮಣೆ ಹಾಕಿ ಕೂರಿಸಿದಂತಾಯಿತು.

ಮೂರನೆಯವನು ಜೋಗದ ಹುಲಿಯಪ್ಪ. ಪವರ್‌ಹೌಸಿನ ವರ್ಕ್‌ಶಾಪಿನಲ್ಲಿ ಕೆಲಸ, ಊರಲ್ಲಿ ಡೊಳ್ಳು. ಶಿವಮೊಗ್ಗದ ಬ್ಯಾಂಡ್‌ಸೆಟ್ಟಿನವರ ಹಳೇ ಡ್ರಮ್ಮುಗಳನ್ನು ತಂದು ಡೊಳ್ಳಿನ ಪೆಟ್ಟನ್ನೇ ಅದರ ಮೇಲೆ ಹಾಕಿದ. ಹೊಸನಗರದಲ್ಲಿ ಮುಕುಂದನ ನೆಂಟರ ಅಕ್ಕಿ ಗಿರಣಿಗೆ ರಜೆ ಇದ್ದ ದಿನ ಪ್ರಾಕ್ಟೀಸು. ಮೈಕ್‌ಸೆಟ್ ಅಂಗಡಿಯಿಂದ ತಂದ ಆಂಪ್ಲಿಫೈಯರಿನೊಳಗೆಲ್ಲ ತೌಡು. ಜೋರಾಗಿ ನುಡಿಸಿದರೆ ತೊಲೆಯಿಂದಲೂ ತೌಡು ಉದುರುತ್ತಿತ್ತು. ಅರ್ಧ ಹಾಡಿಗೆ ಕರೆಂಟು ಹೋದರೆ ಹುಲಿಯಪ್ಪ ಕೋಲು ಕೆಳಗಿಡುತ್ತಿದ್ದ. “ಬೆಳ್ಳಪ್ಪನ ಊರು ಮುಳುಗ್ಸಿ ಮಾಡಿದ ಕರೆಂಟು. ಬೆಳ್ಳಪ್ಪ ಹಾಡ್ತೀನಂದ್ರೆ ಇಲ್ಲ ನೋಡು.”

ಅದು ತಮಾಷೆಯೂ ಹೌದು, ನಿಜವೂ ಹೌದು. ಶರಾವತಿಗೆ ಕಟ್ಟೆ ಕಟ್ಟಿದಾಗ ಬೆಳ್ಳಪ್ಪ ಇನ್ನೂ ಸಣ್ಣವನು. ಮನೆಯ ತೊಲೆ, ಹಂಚು, ಹಸು, ಅವ್ವ ಮಾಸ್ತಮ್ಮ, ಎಲ್ಲ ಒಂದೇ ಲಾರಿಯಲ್ಲಿ ಬಂದಿದ್ದವು. ಹೊಸ ಜಾಗದಲ್ಲಿ ಅವರಿಗೆ ಹೆಸರಿರಲಿಲ್ಲ, ‘ಮುಳುಗಡೆಯವರು’ ಅಷ್ಟೆ. ಮುಕುಂದ ಬ್ಯಾಂಡಿಗೆ ಇಟ್ಟ ಹೆಸರೂ ಅದೇ: ಮುಳುಗಡೆ.

ಮದುವೆಗೆ ಕರೆದವರು ಸಿನೆಮಾ ಹಾಡೇ ಬೇಕೆನ್ನುತ್ತಿದ್ದರು. ಮುಕುಂದ ಒಪ್ಪುತ್ತಿರಲಿಲ್ಲ. “ಅದಕ್ಕೆ ರೇಡಿಯೋ ಇದೆಯಲ್ಲ. ನಾವು ನಮ್ದು ಹಾಡೋಣ.” ನಮ್ಮದು ಎಂದರೆ ಏನು ಎಂದು ಬೆಳ್ಳಪ್ಪ ಬಸ್ಸಿನಲ್ಲಿ ನಿಂತು ನಿಂತೇ ಯೋಚಿಸಿದ. ಹಾಡು ಬಂದದ್ದೂ ಅಲ್ಲೇ. ಒಂದು ಬಸ್ಸು ನೀರಿನ ಅಡಿಯಲ್ಲಿ ಹಳೇ ರಸ್ತೆ ಹಿಡಿದು ಹೋಗುತ್ತದೆ. ಕಂಡಕ್ಟರ್ ಮುಳುಗಿದ ಊರುಗಳನ್ನು ಒಂದೊಂದಾಗಿ ಕೂಗುತ್ತಾನೆ.

ಗಂಜಿಗದ್ದೆ, ಬಸರಿಕೊಪ್ಪ, ಮಾವಿನಕಟ್ಟೆ,
ಇಳಿಯೋರಿದ್ರೆ ಇಳೀರಿ.
ಕಟ್ಟೆ ಮೇಲೆ ಮೀನು ಕೂತದೆ,
ಟಿಕೇಟ್ ಯಾರಿಗೆ ಹರೀಲಿ?

ಆಮೇಲೆ ‘ರೈಟ್, ರೈಟ್’ ಎಂದಾಗ ಹುಲಿಯಪ್ಪನ ಪೆಟ್ಟು, ಅದರ ಬೆನ್ನಿಗೆ ಮುಕುಂದನ ಗಿಟಾರು ಚೀರುವುದು. ಸಾಗರದಲ್ಲಿ ಮೊದಲ ಸಲ ಹಾಡಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಎದ್ದುನಿಂತು, “ನಮ್ಮೂರು ಬಿಟ್ಟುಹೋತಲ್ಲ ತಮಾ, ಇನ್ನೊಂದ್ಸಲ ಕೂಗು” ಎಂದ.

ಎಂಬತ್ಮೂರರಲ್ಲಿ ಬೆಂಗಳೂರಿನ ಕ್ಯಾಸೆಟ್ ಕಂಪನಿಯೊಂದು ಕರೆಯಿತು. ಹೊರಡುವಾಗ ಮಾಸ್ತಮ್ಮ ಕೇಳಿದ್ದು ಒಂದೇ. “ನಿನ್ ಹೆಸ್ರು ಅದ್ರ ಮೇಲೆ ಬರೀತಾರಂತಲ್ಲ. ತಂದು ತೋರ್ಸು. ಊರಂತೂ ಹೋತು, ಹೆಸ್ರಾದ್ರೂ ಎಲ್ಲಾದ್ರೂ ಇರ್ಲಿ.”

ರೆಕಾರ್ಡಿಂಗ್ ಮುಗಿದ ಮೇಲೆ ಕಂಪನಿಯ ಯಜಮಾನರು ಪೆನ್ನು ತೆಗೆದರು. “ಬಸ್ಸಿನ ಹಾಡು ಯಾರದಪ್ಪಾ?”

“ನಮ್ದೇ ಸಾರ್.”

ಈ ಕಡೆಯ ಜನ ಹೇಳುವುದೇ ಹಾಗೆ. ಒಬ್ಬನೇ ಬೆವರು ಸುರಿಸಿ ಕಟ್ಟಿದರೂ ‘ನಮ್ಮನೆ’. ‘ನಂದು’ ಎಂದರೆ ಸೊಕ್ಕು ಎಂದು ಅವ್ವನೇ ತಲೆಗೆ ಮೊಟಕಿ ಕಲಿಸಿದ್ದಳು.

“ಅಂದ್ರೆ ನಿಮ್ಮ ಕಡೆ ಜನ ಹಾಡ್ಕೊಂಡು ಬಂದಿದ್ದು, ಅಲ್ವಾ?” ಯಜಮಾನರು ಮುಕುಂದನ ಮುಖ ನೋಡಿದರು. ಮುಕುಂದ ತಲೆ ಬಗ್ಗಿಸಿ ತಂತಿ ಬಿಗಿ ಮಾಡುತ್ತಿದ್ದ. “ಹೂಂ” ಎಂದ. ತಂತಿ ಸರಿಯಾದದ್ದಕ್ಕೆ ಹೂಂ ಎಂದನೆಂದೇ ಬೆಳ್ಳಪ್ಪ ತಿಳಿದ.

ಕ್ಯಾಸೆಟ್ಟು ಬಂತು. ಸಾಹಿತ್ಯ: ಜನಪದ. ಸಂಗೀತ: ಮುಕುಂದ್ ಮತ್ತು ವೃಂದ. ಬೆಳ್ಳಪ್ಪ ಹಿಂದೆ ಮುಂದೆ ತಿರುಗಿಸಿದ, ಒಳಗಿನ ಕಾಗದ ಬಿಡಿಸಿದ. ಎಲ್ಲೂ ಇಲ್ಲ. ಮಾಸ್ತಮ್ಮ ಕೈ ಒರೆಸಿಕೊಂಡು ಬಂದಳು. ಅವಳಿಗೆ ಓದಲು ಬಾರದು. “ಎಲ್ಲದೆ?”

ಅವಳ ಬೆರಳು ಹಿಡಿದು ‘ಜನಪದ’ದ ಮೇಲೆ ಇಟ್ಟ.

“ಚಂದ ಬರ್ದಿದಾರೆ” ಎಂದಳು ಅವ್ವ.

ಮುಂದಿನ ಪ್ರಾಕ್ಟೀಸಿನ ದಿನ ಗಿರಣಿಯಲ್ಲಿ ಬೆಳ್ಳಪ್ಪ ಕೇಳಿದ, “ಜನಪದ ಅಂದ್ರೆ ಯಾರು ಮುಕುಂದ?”

“ಜನ್ರದ್ದು ಅಂತ. ದೊಡ್ಡ ಮರ್ಯಾದೆ ಕಣೋ ಅದು.”

“ರೈಟ್ ರೈಟ್ ಅನ್ನೋ ಜನಪದ ನಮ್ಮಜ್ಜಿ ಹಾಡಿದ್ದು ನಾ ಕೇಳಿಲ್ಲಪ್ಪ” ಎಂದ ಹುಲಿಯಪ್ಪ.

“ಜನಪದ ಅಂದ್ರೇ ಮಾರಾಟ ಆಗೋದು ಅಂತಾರೆ ಕಂಪನಿಯವ್ರು. ಮುಂದಿನ್ ಕ್ಯಾಸೆಟ್ಟಲ್ಲಿ ಸರಿ ಮಾಡ್ಸಣ.”

“ಅವತ್ತು ನೀ ಹೂಂ ಅಂದದ್ದು ಯಾವ್ದಕ್ಕೆ?”

ಮುಕುಂದ ಗಿಟಾರಿನ ಮೇಲಿನ ತೌಡು ಊದಿದ. “ನಮ್ದು ಅಂತ ನೀನೇ ಅಂದ್ಯಲ್ಲೋ.”

“ಆಯ್ತು ಗೌಡ್ರೆ” ಎಂದ ಬೆಳ್ಳಪ್ಪ.

ಮುಂದಿನ ಕ್ಯಾಸೆಟ್ಟಿಗೆ ಹಾಡಿದವನು ಬೆಂಗಳೂರಿನ ಗಾಯಕ. ಅದರ ಮೇಲೆ ‘ಸಂಗ್ರಹ, ಸಂಗೀತ: ಮುಕುಂದ್’ ಎಂದಿತ್ತು. ಹುಲಿಯಪ್ಪ ಡೊಳ್ಳಿಗೆ ವಾಪಸು ಹೋದ. ಡ್ರಮ್ಮುಗಳು ಗಿರಣಿಯಲ್ಲೇ ಉಳಿದು, ನುಚ್ಚು ತುಂಬಿಡಲು ಆದವು.

ಮಾಸ್ತಮ್ಮ ತೀರಿಕೊಂಡ ಮರುವರ್ಷ, ಎಂಬತ್ತೆಂಟಿರಬೇಕು, ಹೊಸನಗರದಲ್ಲಿ ಕಾಲೇಜು ಹುಡುಗ ಹುಡುಗಿಯರ ಗುಂಪೊಂದು ಬಸ್ಸು ಹತ್ತಿತು. ತೀರ್ಥಹಳ್ಳಿಯಲ್ಲಿ ಜನಪದ ಗೀತೆ ಸ್ಪರ್ಧೆಯಂತೆ. ಬಸ್ಸು ಹೊರಟದ್ದೇ ತಾಳ ಹಾಕಿ ಶುರು ಮಾಡಿದರು. ಗಂಜಿಗದ್ದೆ, ಬಸರಿಕೊಪ್ಪ. ಬೆಳ್ಳಪ್ಪನ ಕೈಯಲ್ಲಿ ಟಿಕೇಟು ಅರ್ಧ ಹರಿದು ನಿಂತಿತು.

“ಕಟ್ಟೆ ಮೇಲೆ ಮೀನು ಕೂತದೆ, ಹೂವ ಯಾರಿಗೆ ಮುಡಿಸಲಿ?”

“ಹೂವಲ್ಲ. ಟಿಕೇಟು” ಎಂದ ಬೆಳ್ಳಪ್ಪ.

ಮುಂದೆ ಕೂತ ಹುಡುಗಿ ನಕ್ಕಳು. “ಜನಪದದಲ್ಲಿ ಟಿಕೇಟ್ ಎಲ್ಲಿಂದ ಬರ್ತದೆ ಕಂಡಕ್ಟ್ರೇ? ಅದು ಯಾರೋ ಆಮೇಲೆ ಸೇರ್ಸಿದ್ದು. ಮುಕುಂದ್ ಸಾರೇ ಹೇಳಿದಾರೆ. ಅವ್ರೇ ಇವತ್ತು ಜಡ್ಜು. ಮಾಸ್ತಮ್ಮ ಅಂತ ಒಬ್ರು ಅಜ್ಜಿ ಇದ್ರಂತೆ, ಅವ್ರ ಬಾಯಿಂದ ಬರ್ಕೊಂಡಿದ್ದಂತೆ.”

ಅವ್ವ ಒಂದು ಸಾಲು ಹಾಡಿದ್ದನ್ನು ಬೆಳ್ಳಪ್ಪ ಜನ್ಮದಲ್ಲಿ ಕೇಳಿರಲಿಲ್ಲ.

“ಆ ಹಾಡು ನಂದು” ಎಂದ.

ಬಾಯಿಂದ ಬಂದೇಬಿಟ್ಟಿತ್ತು. ತಾಳ ಹಾಕುತ್ತಿದ್ದ ಹುಡುಗ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಸಮಾಧಾನ ಮಾಡಿದ. “ಹೌದು ಕಂಡಕ್ಟ್ರೇ, ನಿಮ್ದೂ ಹೌದು, ನಮ್ದೂ ಹೌದು. ಜನಪದ ಅಂದ್ರೇ ಅದಲ್ವಾ?”

ಅಷ್ಟರಲ್ಲಿ ಸ್ಟಾಪು ಬಂತು. ಬೆಳ್ಳಪ್ಪ ಅಭ್ಯಾಸಬಲದಿಂದ ಊರಿನ ಹೆಸರು ಕೂಗಿ, “ಇಳಿಯೋರಿದ್ರೆ ಇಳೀರಿ” ಎಂದು ಎಳೆದ.

ಇಡೀ ಗುಂಪು ಹೋ ಎಂದು ನಕ್ಕಿತು. “ಕಂಡಕ್ಟ್ರು ಕ್ಯಾಸೆಟ್ ಕೇಳಿ ಕಲ್ತಿದಾರೆ ಕಣ್ರೋ. ಥೇಟ್ ಹಂಗೇ ಎಳೀತಾರೆ.”

ಮುಂದಿನ ಸ್ಟಾಪಿನಲ್ಲಿ ಬೆಳ್ಳಪ್ಪ ಬಾಯಿ ಬಿಡಲಿಲ್ಲ, ಸೀಟಿ ಮಾತ್ರ ಊದಿದ. ಅದರ ಮುಂದಿನದಕ್ಕೂ ಅಷ್ಟೆ. ನಿದ್ದೆ ಹೋಗಿದ್ದ ಹೆಂಗಸೊಬ್ಬಳು ಸ್ಟಾಪು ದಾಟಿದ ಮೇಲೆ ಎಚ್ಚರಾಗಿ, ಬುಟ್ಟಿ ಹೊತ್ತುಕೊಂಡು ಬಾಗಿಲಿಗೆ ಬಂದಳು.

“ಕೂಗಕ್ಕೆ ಎಂತಾಗಿತ್ತಾ ನಿಂಗೆ? ಬಾಯಿ ಬಿದ್ದುಹೋಗಿತ್ತಾ?”

ಬೆಳ್ಳಪ್ಪ ಇನ್ನೊಂದು ಸಲ ಸೀಟಿ ಊದಿ ಅವಳನ್ನು ಇಳಿಸಿದ.